ಅರ್ಥಕ್ಕೆ ಅಂಕವಿಲ್ಲ

ಫೆಬ್ರವರಿ 11

ಪುಟ್ಟಿಗೆ,

ಫೋನಿನಲ್ಲೇ ಹೇಳೋಣವೆಂದರೆ ನೀನು ಅರ್ಧಕ್ಕೆ ಬಾಯಿ ಹಾಕಿ, "ಅಣ್ಣನಿಗೆ ಕೊಡಿ ಅತ್ತಿಗೆ, ಅವನ ದನಿ ಕೇಳ್ಬೇಕು" ಎನ್ನುತ್ತೀಯ. ಕೊಟ್ಟರೆ ಅವರು ಫೋನಿನ ಮೇಲೆ ಜೊಲ್ಲು ಸುರಿಸುತ್ತಾರೆ. ಒರೆಸುವವಳು ನಾನು. ಅದಕ್ಕೇ ಈ ಕಾಗದ. ಪೂರ್ತಿ ಓದು.

ನನಗೆ ಹರ್ನಿಯಾ ಆಗಿದೆ. ಹೊಕ್ಕುಳ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಕೆಮ್ಮಿದರೆ ಹೊರಗೆ ಬರುತ್ತದೆ, ಅಂಗಾತ ಮಲಗಿ ಒತ್ತಿದರೆ ಒಳಗೆ ಹೋಗುತ್ತದೆ. ಎರಡು ವರ್ಷದಿಂದ ನಿನ್ನಣ್ಣನನ್ನು ಎತ್ತಿ, ಕೂರಿಸಿ, ಮಗ್ಗುಲಿಗೆ ಹೊರಳಿಸಿ, ಮತ್ತೆ ಎತ್ತಿ ಸಂಪಾದಿಸಿದ್ದು. ಸರ್ಜನ್ ಏಪ್ರಿಲ್ ಒಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ಆಮೇಲೆ ಆರು ವಾರ ನೀರಿನ ಬಕೆಟ್ಟನ್ನೂ ಎತ್ತುವಂತಿಲ್ಲ. "ಮಾಡಿಸಿಕೊಳ್ಳದೇ ಇದ್ರೆ?" ಎಂದು ಕೇಳಿದೆ. "ಕರುಳು ಅಲ್ಲೇ ಸಿಕ್ಕಿಹಾಕ್ಕೊಂಡು ಕೊಳೆತುಹೋಗುತ್ತಮ್ಮ" ಎಂದರು, ಪೆನ್ನಿನ ಕ್ಯಾಪು ಹಾಕುತ್ತಾ.

ಹಾಗಾಗಿ ನೀನು ಬಂದು ಆರು ವಾರ ಇರಬೇಕು. ದಿನಗೂಲಿಗೆ ನೋಡಿಕೊಳ್ಳುವ ಹೆಂಗಸರು ಇಬ್ಬರು ಬಂದರು. ಮೊದಲನೆಯವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಧ್ಯಾಹ್ನದವರೆಗೆ ತಡೆದಳು. ಎರಡನೆಯವಳ ಕೈಯನ್ನು ಅವರು ಕಚ್ಚಿದರು. ನಮಗೆ ಮಕ್ಕಳಿಲ್ಲ. ನನ್ನನ್ನು ಬಿಟ್ಟರೆ ನಿನ್ನಣ್ಣನಿಗೆ ಇರುವವಳು ನೀನೊಬ್ಬಳೇ.

ಅವರಿಗೆ ಮಾತು ಬರುತ್ತಿದೆಯಾ ಎಂದು ನೀನು ಕೇಳಿದ್ದೆಯಲ್ಲ. ಹಳೆಯ ಆಟದ ಪದಗಳಷ್ಟೇ ಬರುತ್ತಿವೆ. ಆಫೀಸಿನಿಂದ ಬಂದು ರಾತ್ರಿವರೆಗೆ ಆ ಅಕ್ಷರದ ಬಿಲ್ಲೆಗಳ ಹಲಗೆಯ ಮುಂದೆ ಕೂರುತ್ತಿದ್ದರಲ್ಲ, ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ. ಅದಕ್ಕಾಗಿ ಝಡ್, ಎಕ್ಸ್, ಜೆ, ಕ್ಯೂ ಇರುವ ಗಿಡ್ಡ ಗಿಡ್ಡ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿದ್ದರು. ಆ ಅಕ್ಷರಗಳಿಗೆ ಅಂಕ ಜಾಸ್ತಿಯಂತೆ. ಪಾರ್ಶ್ವವಾಯು ಹೊಡೆದಾಗ ಮಾತೆಲ್ಲ ಹೋಯಿತು, ಇವು ಉಳಿದವು. ಬಾಯಿಪಾಠ ಮಾಡಿದ್ದು ಮೆದುಳಿನ ಬೇರೆ ಮೂಲೆಯಲ್ಲಿರುತ್ತದೆ ಎಂದು ಡಾಕ್ಟರು ಹೇಳಿದರು. ನೀರು ಎನ್ನಲು ಬಾರದು, ನೋವು ಎನ್ನಲು ಬಾರದು, ನಮ್ಮ ಭಾಷೆಯ ಒಂದು ಮಾತೂ ಇಲ್ಲ. ಹಾಸಿಗೆ ಒದ್ದೆಯಾದರೆ "ಝ್ಯಾಕ್ಸ್". ಊಟ ತಿನ್ನಿಸಿದರೆ "ಝೆಕ್". ಕಾಲು ತಿಕ್ಕಿದರೆ "ಪಿಕ್ಸ್". ಕೇಳಿ ಕೇಳಿ ನನಗೆ ಹೇಸಿಗೆ ಹುಟ್ಟಿದೆ.

ಯಾವತ್ತು ಬರುತ್ತೀಯ, ಬರೆ.

ಅತ್ತಿಗೆ

*

ಫೆಬ್ರವರಿ 20

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಓದಿ ತುಂಬ ಬೇಜಾರಾಯಿತು. ಹರ್ನಿಯಾಕ್ಕೆ ಈಗ ಸಣ್ಣ ರಂಧ್ರ ಮಾಡಿಯೇ ಆಪರೇಷನ್ ಮಾಡುತ್ತಾರಂತೆ, ಹೆದರಬೇಡಿ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮಾಡಿಸಿಕೊಂಡು ಮೂರನೇ ವಾರಕ್ಕೇ ಸೀಟಿ ಊದುತ್ತಿದ್ದರು.

ಆದರೆ ಅತ್ತಿಗೆ, ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಣ್ಣನ ಆ ಮಾತುಗಳು. ನಾನು ಲೈಬ್ರರಿಯಲ್ಲಿ ದೊಡ್ಡ ನಿಘಂಟನ್ನು ಇಳಿಸಿ ಒಂದೊಂದನ್ನೂ ನೋಡಿದೆ. ನೀವು ಅವು ಬರೀ ಸದ್ದು ಎಂದುಕೊಂಡಿದ್ದೀರಿ. ಅಲ್ಲವೇ ಅಲ್ಲ. ಝ್ಯಾಕ್ಸ್ ಎಂದರೆ ಸೂರಿಗೆ ಹೊದಿಸುವ ಕಲ್ಲಿನ ಹಲಗೆಗಳನ್ನು ಕತ್ತರಿಸುವ ಕತ್ತಿ. ನಿಮ್ಮ ಮನೆಯ ಸೂರು ಸೋರುತ್ತಿದೆಯೇ? ಮಲಗಿರುವವನ ಕಣ್ಣು ಇಡೀ ದಿನ ಸೂರಿನ ಮೇಲೇ ಇರುತ್ತದೆ, ಅವನಿಗೆ ಕಂಡಿರಬೇಕು. ಪಿಕ್ಸ್ ಎಂದರೆ ಚರ್ಚಿನಲ್ಲಿ ಪವಿತ್ರ ರೊಟ್ಟಿ ಇಡುವ ಚಿಕ್ಕ ಡಬ್ಬಿ. ನಾಸ್ತಿಕನಂತೆ ಇದ್ದವನಿಗೆ ಈಗ ದೇವರ ಕಡೆ ಮನಸ್ಸು ಹೋಗಿದೆ. ಝೆಕ್ ಎಂದರೆ ದುಡಿತದ ಶಿಬಿರದಲ್ಲಿ ಕೂಡಿಹಾಕಿದ ಕೈದಿ. ಇದನ್ನು ಓದಿ ಓದುವ ಮೇಜಿನ ಮುಂದೆಯೇ ಅತ್ತೆ. ಊಟದ ಹೊತ್ತಿಗೇ ಈ ಮಾತು ಯಾಕೆ ಹೇಳುತ್ತಾನೆ, ಯೋಚಿಸಿ ನೋಡಿ. ಸ್ವಲ್ಪ ನಿಧಾನವಾಗಿ, ಪ್ರೀತಿಯಿಂದ ತಿನ್ನಿಸುತ್ತೀರಲ್ಲ?

ಏಪ್ರಿಲ್ ವಿಷಯ ನೋಡೋಣ. ಮಾರ್ಚ್ ಪೂರ್ತಿ ಪುಸ್ತಕಗಳ ಲೆಕ್ಕ ತಾಳೆ ನೋಡುವುದಿರುತ್ತದೆ, ನಾನೊಬ್ಬಳೇ ಲೈಬ್ರೇರಿಯನ್ನು. ಅವನು ಇನ್ನೇನೇನು ಹೇಳುತ್ತಾನೆ, ಬರೆದು ಕಳಿಸಿ.

ಪುಟ್ಟಿ

*

ಫೆಬ್ರವರಿ 27

ಪುಟ್ಟಿಗೆ,

ಸೂರು ಸೋರುತ್ತಿಲ್ಲ. ನಮ್ಮದು ನೆಲಮಹಡಿಯ ಮನೆ, ನಮ್ಮ ಮೇಲೆ ಇನ್ನೂ ಮೂರು ಸಂಸಾರ ಇವೆ. ಸೋರುವುದು ನಿನ್ನಣ್ಣ.

ನಾನು ಅವರ ಹೆಂಡತಿ, ಹೊಲಿಗೆ ಮಿಷನ್ನು ಕಿಟಕಿಯ ಪಕ್ಕ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಅವರನ್ನು ಸಾಕುತ್ತಿರುವವಳು. ನನ್ನ ಮುಂದೆ ಝೆಕ್ ಎಂದರೆ ಕೈದಿ ಎಂದು ಅರ್ಥ ಬಿಡಿಸುತ್ತೀಯಲ್ಲ, ಹಾಗಾದರೆ ನಾನು ಯಾರು, ಜೈಲಿನ ಕಾವಲಿನವಳೇ? ಒಂದು ಚಮಚ ಒಳಗೆ ಹೋಗಲು ಹತ್ತು ನಿಮಿಷ ಹಿಡಿಯುತ್ತದೆ. ಅರ್ಧ ನನ್ನ ಮುಂಗೈ ಮೇಲೆ ವಾಪಸು ಬರುತ್ತದೆ. ಇದಕ್ಕಿಂತ ನಿಧಾನ ನನಗೆ ಗೊತ್ತಿಲ್ಲ.

ಅರ್ಥದ ವಿಷಯ ಕೇಳು. ಮದುವೆಯಾದ ಹೊಸತು. ಅವರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿ ಮುಂದೆ ನಿಂತು ಇವೇ ಪದಗಳನ್ನು ಮಣಮಣ ಎನ್ನುತ್ತಿದ್ದರು. ನನಗೂ ಆಸೆ, ಗಂಡನ ಆಟ ಕಲಿಯಬೇಕೆಂದು. "ಝ್ಯಾಕ್ಸ್ ಅಂದ್ರೆ ಏನ್ರೀ?" ಎಂದು ಕೇಳಿದೆ. "ಹತ್ತೊಂಬತ್ತು" ಎಂದರು. "ಅಂಕ ಕೇಳಿಲ್ಲ, ಅರ್ಥ ಕೇಳಿದ್ದು" ಎಂದೆ. ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. "ಅರ್ಥಕ್ಕೆ ಅಂಕ ಇಲ್ಲ ಕಣೇ. ಅರ್ಥ ತಲೇಲಿ ಇಟ್ಕೊಂಡ್ರೆ ಇನ್ನೊಂದು ಪದದ ಜಾಗ ಹೋಗುತ್ತೆ" ಎಂದರು. ಅವರ ಕ್ಲಬ್ಬಿನವರೆಲ್ಲ ಹಾಗೇ. ಯಾರಿಗೂ ಅರ್ಥ ಗೊತ್ತಿರಲಿಲ್ಲ, ಗೊತ್ತಿದ್ದವನನ್ನು ಕಂಡರೆ ನಗುತ್ತಿದ್ದರು. ಯಾರು ತೊಡುತ್ತಾರೆಂದು ಕೇಳದೆ ನಾನು ಅಂಗಿಯ ಒಂದು ತೋಳನ್ನೂ ಕತ್ತರಿಸಿದವಳಲ್ಲ. ಇವರು ಒಂದು ಮಾತೂ ಯಾಕಿದೆ ಎಂದು ಕೇಳದೆ ಸಾವಿರಗಟ್ಟಲೆ ನುಂಗಿದ್ದರು. ಆಮೇಲೆ ನಾನು ಕೇಳಲಿಲ್ಲ. ಗೆದ್ದ ಕಪ್ಪುಗಳಲ್ಲಿ ಗುಂಡಿ, ಹುಕ್ಕು ಹಾಕಿಟ್ಟಿದ್ದೇನೆ.

ಈಗ ಅವೇ ಪದಗಳು ಎರಡನೇ ಸಲ ಹೊರಗೆ ಬರುತ್ತಿವೆ, ನೀನು ಅವಕ್ಕೆ ಅರ್ಥ ಅಂಟಿಸುತ್ತಿದ್ದೀಯ. ಅಕ್ಕಪಕ್ಕದವರು ನನ್ನನ್ನು ದೇವತೆ ಎನ್ನುತ್ತಾರೆ. ಅದನ್ನು ಕೇಳಿದರೆ ಇನ್ನೂ ಅಸಹ್ಯ. ದೇವತೆಗೆ ಹರ್ನಿಯಾ ಆಗುವುದಿಲ್ಲ.

ಬರುತ್ತೀಯೋ ಇಲ್ಲವೋ, ಅಷ್ಟು ಬರೆ.

ಅತ್ತಿಗೆ

*

ಮಾರ್ಚ್ 10

ಅತ್ತಿಗೆ,

ನಿಮ್ಮ ಕಾಗದ ಖಾರವಾಗಿತ್ತು. ನೀವು ದಣಿದಿದ್ದೀರಿ, ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಕಳೆದ ಭಾನುವಾರ ಫೋನಿನಲ್ಲಿ ಅಣ್ಣ ಏನು ಹೇಳಿದ, ಗಮನಿಸಿದಿರಾ? ನೀವು ಪಕ್ಕದಲ್ಲಿ ದಿಂಬು ಸರಿಮಾಡುತ್ತಿದ್ದಿರಿ. ಅವನು "ಜೋ" ಎಂದ. ಸ್ಪಷ್ಟವಾಗಿ. ಎರಡು ಸಲ. ನಾನು ತಕ್ಷಣ ನಿಘಂಟು ತೆಗೆದೆ. ಹಳೆಯ ಸ್ಕಾಟ್‌ಲೆಂಡಿನವರ ಮಾತಂತೆ ಅದು, ಪ್ರಿಯೆ, ನಲ್ಲೆ ಎಂದು ಅರ್ಥ. ಅತ್ತಿಗೆ, ಅವನು ನಿಮ್ಮನ್ನು ಪ್ರಿಯೆ ಎಂದು ಕರೆಯುತ್ತಿದ್ದಾನೆ. ಆರೋಗ್ಯವಾಗಿದ್ದಾಗ ಹಾಗೆ ಕರೆಯುವ ಜಾತಿಯವನಲ್ಲ ಅವನು, ನನಗೆ ಗೊತ್ತು. ನನಗೆ ಅಕ್ಷರ ಕಲಿಸಿದವನು ಅವನೇ, ಬಿಲ್ಲೆ ಕೈಗೆ ಕೊಟ್ಟವನೂ ಅವನೇ, ಆದರೆ ತಲೆ ಸವರಿದ್ದು ನೆನಪಿಲ್ಲ. ಅಂಥವನ ಬಾಯಲ್ಲಿ ಕೊನೆಗೆ ಉಳಿದದ್ದು ಈ ಮಾತು. ನೀವು ಪುಣ್ಯವಂತೆ. ಇಂಥ ಹೊತ್ತಿನಲ್ಲಿ ನಾನು ಬಂದು ನಿಮ್ಮಿಬ್ಬರ ನಡುವೆ ನಿಲ್ಲುವುದು ಸರಿಯೇ ಎಂದೂ ಅನ್ನಿಸುತ್ತದೆ.

ಲೆಕ್ಕ ತಾಳೆಯ ಕೆಲಸ ಇನ್ನೂ ಮೂರನೇ ಕಪಾಟಿನಲ್ಲಿದೆ. ಮೇಲಾಗಿ ನನ್ನ ಎಡಮಂಡಿ ಊದಿದೆ, ಮೆಟ್ಟಿಲು ಹತ್ತಿದರೆ ಕಟ್ ಕಟ್ ಎನ್ನುತ್ತದೆ. ಸರ್ಜನ್ನರ ಹತ್ತಿರ ಮಾತಾಡಿ ದಿನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಳ್ಳಲು ಆಗುವುದಿಲ್ಲವೇ?

ಪುಟ್ಟಿ

*

ಮಾರ್ಚ್ 17

ಪುಟ್ಟಿಗೆ,

ನಿನ್ನ ಕಾಗದ ಓದಿ ಒಂದು ದಿನ ನಾನೂ ಹುಚ್ಚಿಯಾದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ನೀನು ಏನು ಮಾಡಿದೆ ಎಂದು ನಿನಗೆ ಗೊತ್ತಾಗಲಿ.

ಸಂಜೆ ಮಿಷನ್ನು ನಿಲ್ಲಿಸಿ, ಮುಖ ತೊಳೆದು, ಒಳ್ಳೆಯ ಸೀರೆಯನ್ನೇ ಉಟ್ಟುಕೊಂಡೆ. ಮಂಚದ ಪಕ್ಕ ಕೂತು ಅವರ ಕೈ ಹಿಡಿದು "ಜೋ?" ಎಂದೆ. ಅರವತ್ತರ ಹತ್ತಿರ ಬಂದವಳು ನಾನು. ಅವರು ನನ್ನ ಮುಖ ನೋಡಿದರು. ತುಟಿ ಅಲುಗಿತು. "ಜೋ" ಎಂದರು. ಆಮೇಲೆ ಕಣ್ಣನ್ನು ನನ್ನಿಂದ ತೆಗೆದು ಮಂಚದ ಕೆಳಗಿನ ಬೆಡ್‌ಪ್ಯಾನಿಗೆ "ಜೋ" ಎಂದರು. ಗೋಡೆಯ ಗಡಿಯಾರಕ್ಕೆ "ಜೋ" ಎಂದರು. ಮೀಟರು ನೋಡಲು ಬಂದ ಕರೆಂಟಿನವನಿಗೂ ಅದೇ ಮರ್ಯಾದೆ ಸಿಕ್ಕಿತು. ಜೋ ಎಂದರೆ ಒಂಬತ್ತು ಅಂಕ, ಪುಟ್ಟಿ. ಜೆ ಎಂಟು, ಓ ಒಂದು. ಇಷ್ಟು ವರ್ಷ ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡು ನನಗೂ ಬಾಯಿಪಾಠ ಆಗಿದೆ.

ಆ ಸೀರೆಯ ಮೇಲೇ ಅವರು ವಾಂತಿ ಮಾಡಿದರು. ನಾನು ಬಚ್ಚಲಿನಲ್ಲಿ ಕೂತು ಅದನ್ನು ತಿಕ್ಕುವಾಗ ಅಳಲಿಲ್ಲ. ವಾಕರಿಕೆ ಬಂತು. ಅವರ ಮೇಲೆ, ನಿನ್ನ ಮೇಲೆ, ಸೀರೆ ಉಟ್ಟ ನನ್ನ ಮೇಲೆ.

ನಿನ್ನ ಕೈಲಿ ಬರಲಾಗದಿದ್ದರೆ ಬರಲಾರೆ ಅನ್ನು. ಪಾರ್ಶ್ವವಾಯು ಆದ ವಾರ ಬಂದಿದ್ದೆಯಲ್ಲ. ಬಾಗಿಲಲ್ಲಿ ನಿಂತು, ಕರ್ಚೀಫು ಮೂಗಿಗೆ ಒತ್ತಿಕೊಂಡು, ಸಂಜೆಯ ಬಸ್ಸಿಗೇ ಹೊರಟೆ. ನಾನು ಅದನ್ನು ಯಾರಿಗೂ ಹೇಳಿಲ್ಲ. ಆದರೆ ಬಸ್ಸು ಹತ್ತುವ ಬದಲು ನಿಘಂಟಿನ ಹಾಳೆ ಕಳಿಸುವುದನ್ನು ನಿಲ್ಲಿಸು.

ದಿನ ಮುಂದಕ್ಕೆ ಹಾಕುವ ಹಾಗಿಲ್ಲ. ಗಂಟು ಈಗ ಒತ್ತಿದರೂ ಒಳಗೆ ಹೋಗುತ್ತಿಲ್ಲ.

ಅತ್ತಿಗೆ

*

ಏಪ್ರಿಲ್ 1

ಅತ್ತಿಗೆ,

ಕರ್ಚೀಫಿನ ಮಾತು ಎತ್ತಬಾರದಿತ್ತು ನೀವು.

ಶಾಲೆಯ ಪರೀಕ್ಷೆಗಳು ಇಪ್ಪತ್ತಕ್ಕೆ ಮುಗಿಯುತ್ತವೆ. ಆಮೇಲೆ ನೋಡುತ್ತೇನೆ. ಅಷ್ಟರವರೆಗೆ ಅಲ್ಲೇ ಯಾರನ್ನಾದರೂ ಹುಡುಕಿಕೊಳ್ಳಿ. ಇದರ ಜೊತೆ ಪಾರ್ಸಲಿನಲ್ಲಿ ನನ್ನ ಸ್ವಂತ ನಿಘಂಟನ್ನು ಕಳಿಸಿದ್ದೇನೆ. ಅಣ್ಣ ಹೇಳುವ ಪದಗಳಿಗೆಲ್ಲ ಹಾಳೆಯ ಚೂರು ಸಿಕ್ಕಿಸಿದ್ದೇನೆ. ದಿನಾ ಒಂದೊಂದು ಅರ್ಥ ಅವನಿಗೆ ಓದಿ ಹೇಳಿ. ಮಾತು ಮರಳಬಹುದು. ನನ್ನಿಂದ ಈಗ ಆಗುವುದು ಇಷ್ಟು.

ಪುಟ್ಟಿ

*

ಏಪ್ರಿಲ್ 7

ಪುಟ್ಟಿಗೆ,

ಈ ಕಾಗದ ನಿನ್ನಣ್ಣನ ಶರ್ಟಿನ ಜೇಬಿನಲ್ಲಿರುತ್ತದೆ. ನೀನು ಇದನ್ನು ಓದುವ ಹೊತ್ತಿಗೆ ಅವರು ನಿನ್ನ ಬಾಗಿಲಲ್ಲಿರುತ್ತಾರೆ. ಆಂಬುಲೆನ್ಸಿನವರಿಗೆ ಹೋಗಿಬರುವ ಎರಡೂ ದಾರಿಯ ಬಾಡಿಗೆ ಕೊಟ್ಟಾಗಿದೆ, ಮೆಟ್ಟಿಲು ಹತ್ತಿಸಿ ಮಂಚದ ಮೇಲೆ ಮಲಗಿಸಿಯೇ ಹೋಗುತ್ತಾರೆ. ಮಂಡಿ ನೋವಿನಲ್ಲಿ ನೀನು ಎತ್ತಬೇಕಾಗಿಲ್ಲ, ಇವತ್ತಿನ ಮಟ್ಟಿಗೆ.

ಹಸಿರು ಚೀಲದಲ್ಲಿ ರಬ್ಬರ್ ಶೀಟು, ಆರು ಹಳೇ ಪಂಚೆ, ಕೈಕಾಲಿನ ಕೀಲುಗಳಿಗೆ ಹಚ್ಚುವ ಎಣ್ಣೆ. ಮಾತ್ರೆಗಳನ್ನು ಪುಡಿ ಮಾಡಿ ಕೊಡಬೇಕು. ತರಕಾರಿ ಬೇಯಿಸಿ ನುಣ್ಣಗೆ ಅರೆದು, ಬೆಚ್ಚಗಿರುವಾಗಲೇ ತಿನ್ನಿಸು. ಬಲಗಡೆ ಬಿದ್ದುಹೋಗಿದೆ, ಎಡಗೆನ್ನೆಯ ಕಡೆಗೆ ಚಮಚ ಕೊಡು. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣಿಗೆ ಹುಳ ಬೀಳುತ್ತದೆ. ಇಲ್ಲಿ ಒಂದೂ ಹುಣ್ಣಾಗಿಲ್ಲ, ತೆಗೆದು ನೋಡಿಕೋ.

ನಿನ್ನ ನಿಘಂಟೂ ಚೀಲದಲ್ಲಿದೆ. ನಾಳಿದ್ದು ನನ್ನ ಆಪರೇಷನ್.

ಅತ್ತಿಗೆ

*

ಏಪ್ರಿಲ್ 8

ನಾನು ನಿಮ್ಮನ್ನು ಅತ್ತಿಗೆ ಎನ್ನಲೂ ಹೇಸುತ್ತೇನೆ.

ಹೇಳದೆ ಕೇಳದೆ, ಮನುಷ್ಯನನ್ನು ಪಾರ್ಸಲು ಮಾಡಿ ಕಳಿಸುತ್ತಾರೆಯೇ? ಮೆಟ್ಟಿಲಿನಲ್ಲಿ ಕುರ್ಚಿಗೆ ಬಿಗಿದು ಹೊತ್ತು ತಂದರು. ಇಡೀ ಕಟ್ಟಡ ಬಾಗಿಲು ತೆರೆದು ನೋಡಿತು. ಕೆಳಗಿನ ಮನೆಯಲ್ಲಿರುವ ನಮ್ಮ ಹೆಡ್‌ಮಿಸ್ಸು "ಇವರು ಯಾರು?" ಎಂದು ಕೇಳಿದರು. ಅಷ್ಟರಲ್ಲಿ ಅವನು "ಝ್ಯಾಕ್ಸ್" ಎಂದ.

ರಜೆ ಹಾಕಿದ್ದೇನೆ. ಪರೀಕ್ಷೆಯ ಹೊತ್ತಿನಲ್ಲಿ ರಜೆ. ಗಂಡನನ್ನು ಹೀಗೆ ಹೊರಗೆ ಹಾಕಿದವಳಿಗೆ ನಿದ್ದೆ ಹೇಗೆ ಬರುತ್ತದೋ ನೋಡಬೇಕು.

*

ಏಪ್ರಿಲ್ 16

ಪುಟ್ಟಿಗೆ,

ಆಪರೇಷನ್ ಆಯಿತು. ಸಣ್ಣ ರಂಧ್ರದಲ್ಲಿ ಆಗಲಿಲ್ಲ, ಅಂಗೈ ಅಗಲ ಕೊಯ್ದಿದ್ದಾರೆ. ಕರುಳು ಸ್ವಲ್ಪ ಕಪ್ಪಾಗಿತ್ತಂತೆ. ಇನ್ನೊಂದು ವಾರ ತಡವಾಗಿದ್ದರೆ ಎಂದು ಸರ್ಜನ್ ಮಾತು ನಿಲ್ಲಿಸಿದರು.

ನಿನ್ನ ಬೈಗುಳದ ಕಾಗದವನ್ನು ಮಹಡಿಯವರು ವಾರ್ಡಿಗೇ ತಂದುಕೊಟ್ಟರು. ನಿದ್ದೆಯ ವಿಷಯ ಕೇಳಿದ್ದೀಯ. ಚೆನ್ನಾಗಿ ಬಂತು. ಎರಡು ವರ್ಷದ ಬಾಕಿ ಇತ್ತಲ್ಲ, ನರ್ಸು ಬಂದು ಅಲುಗಾಡಿಸಿ ಬದುಕಿದ್ದೇನೆಯೇ ಎಂದು ನೋಡಿದಳು. ಈಗ ಮನೆಗೆ ಬಂದಿದ್ದೇನೆ. ಮಂಚ ಖಾಲಿ. ಕಿಟಕಿ ತೆರೆದಿಟ್ಟ ಮೇಲೆ ಫಿನಾಯಿಲಿನ ವಾಸನೆಯೂ ಹೋಯಿತು. ನನ್ನ ಕೈಯಿಂದ ಮಾತ್ರ ಹೋಗಿಲ್ಲ.

ಆರು ವಾರದ ನಂತರ ಏನು ಎಂದು ಈಗ ಕೇಳಬೇಡ. ನನಗೆ ಗೊತ್ತಿಲ್ಲ.

ಅತ್ತಿಗೆ

*

ಏಪ್ರಿಲ್ 28

ಅತ್ತಿಗೆ,

ಇವತ್ತು ಅಣ್ಣನ ಕಾಲಿನ ಉಗುರು ಕತ್ತರಿಸಿದೆ. ಒಂದು ಉಗುರು ಸಿಡಿದು ನನ್ನ ತುಟಿಗೆ ಬಿತ್ತು. ಓಡಿಹೋಗಿ ಸಿಂಕಿನಲ್ಲಿ ಕಾರಿಕೊಂಡೆ. ವಾಪಸು ಬಂದರೆ ಅವನು ಹಾಸಿಗೆಯಲ್ಲಿ ಇನ್ನೊಂದು ಕೆಲಸ ಮುಗಿಸಿದ್ದ.

ನಾನು ಮದುವೆ ಮಾಡಿಕೊಂಡವಳಲ್ಲ, ಮಕ್ಕಳನ್ನು ಹೆತ್ತವಳಲ್ಲ, ಇನ್ನೊಬ್ಬರ ಮೈ ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ನನ್ನ ಅಣ್ಣ ಎಂದರೆ ಇಸ್ತ್ರಿ ಹಾಕಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಹಲಗೆಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತವನು. ಆ ಅಣ್ಣನನ್ನು ಹಾಗೇ ಇಟ್ಟುಕೊಳ್ಳಬೇಕಿತ್ತು ನನಗೆ. ಅದಕ್ಕೇ ಅವತ್ತು ಸಂಜೆಯ ಬಸ್ಸಿಗೆ ಓಡಿದ್ದು. ನೀವು ಅಂದುಕೊಂಡ ಹಾಗೆ ಅದು ವಾಸನೆಗೆ ಮಾತ್ರ ಅಲ್ಲ. ವಾಸನೆಗೂ ಹೌದು.

ಮೊನ್ನೆ ಅವನ ಮೇಲೆ ಕೈ ಎತ್ತಿದೆ. ಹೊಡೆಯಲಿಲ್ಲ. ಅವನು ಕಣ್ಣು ಮಿಟುಕಿಸಲೂ ಇಲ್ಲ, "ಪಿಕ್ಸ್" ಎಂದ. ಮೈಯೆಲ್ಲ ಉರಿದುಹೋಯಿತು.

ಈಗ ಅವನು ಝ್ಯಾಕ್ಸ್ ಎಂದರೆ ನಾನು ರಬ್ಬರ್ ಶೀಟಿನ ಕೆಳಗೆ ಕೈ ಹಾಕಿ ನೋಡುತ್ತೇನೆ. ನೀವು ಮೊದಲ ಕಾಗದದಲ್ಲೇ ಬರೆದಿದ್ದಿರಿ. ನಾನು ಅದನ್ನು ಓದಿ ನಿಘಂಟು ಇಳಿಸಿದೆ.

ಬೆನ್ನಿನಲ್ಲಿ ಸೊಂಟದ ಹತ್ತಿರ ಕೆಂಪು ಕಾಣುತ್ತಿದೆ. ಏನು ಹಚ್ಚಬೇಕು? ಮತ್ತೆ, ಯಾವತ್ತು ಕರೆದುಕೊಂಡು ಹೋಗುತ್ತೀರಿ? ಒಂದು ಸಾಲು ಬರೆಯಿರಿ ಅತ್ತಿಗೆ.

ಪುಟ್ಟಿ

*

ಮೇ 3

ಪುಟ್ಟಿಗೆ,

ಕೆಂಪಾದ ಕಡೆ ತಿಕ್ಕಬೇಡ. ಒಣಗಿಸಿ, ಸತುವಿನ ಮುಲಾಮು ತೆಳ್ಳಗೆ ಹಚ್ಚು. ಆ ಮಗ್ಗುಲಿಗೆ ಮಲಗಿಸಲೇಬೇಡ.

ಅತ್ತಿಗೆ

*

ಮೇ 9

ಅತ್ತಿಗೆ,

ನಾನು ಕೇಳಿದ್ದು ಎರಡು, ನೀವು ಉತ್ತರ ಕೊಟ್ಟದ್ದು ಒಂದಕ್ಕೆ. ಕೆಂಪು ಇಳಿದಿದೆ.

ನಿನ್ನೆ ಒಂದು ಸಂಗತಿ ನಡೆಯಿತು.

ಶಾಲೆಗೆ ರಜೆ ಬಂದಿದೆ, ಇಡೀ ದಿನ ನಾನು ಮತ್ತು ಅವನು. ಮಧ್ಯಾಹ್ನದ ಊಟ ತಿನ್ನಿಸುತ್ತಿದ್ದೆ. ಝೆಕ್, ಝೆಕ್, ಝ್ಯಾಕ್ಸ್ ಎಂದು ಒಂದೇ ಸಮನೆ ಶುರು ಮಾಡಿದ. ನನಗೆ ತಲೆ ಕೆಟ್ಟಿತು. ನಿಘಂಟು ತಂದು ಅವನ ಎದೆಯ ಮೇಲೆ ಬಿಚ್ಚಿ ಇಟ್ಟೆ. "ಇಷ್ಟು ವರ್ಷ ಏನು ಬಡಬಡಿಸ್ತಿದ್ದೆ ಅಂತ ಒಂದ್ಸಲನಾದ್ರೂ ತಿಳ್ಕೋ" ಎಂದು ಗುರುತಿಟ್ಟಿದ್ದ ಪುಟಗಳನ್ನೆಲ್ಲ ಒಂದಾದ ಮೇಲೊಂದು ಓದಿದೆ. ಕತ್ತಿ ಓದಿದೆ, ಡಬ್ಬಿ ಓದಿದೆ, ಕೈದಿ ಓದಿದೆ. ಅವನು ಸುಮ್ಮನಾದ. ಕೇಳಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ಹುರುಪು ಬಂತು. ಕೊನೆಗೆ ಜೋ ತೆಗೆದೆ. ಪ್ರಿಯೆ, ನಲ್ಲೆ ಎಂದು ಓದಿ, "ಅತ್ತಿಗೆನ ಹೀಗೆ ಕರೀತಿದ್ದೆ, ಅಲ್ವಾ ಅಣ್ಣ?" ಎನ್ನುತ್ತಾ ಇನ್ನೊಂದು ಚಮಚ ಬಾಯಿಗಿಟ್ಟೆ.

ಅವನು ಎಡಗೈಯಿಂದ ಚಮಚ ತಳ್ಳಿದ. ನನ್ನ ಮುಖ ನೋಡಿ "ಥೂ" ಎಂದ.

ಅಸ್ಪಷ್ಟ ಅಲ್ಲ, ಗೊಣಗಾಟ ಅಲ್ಲ. ಬಾಯಲ್ಲಿದ್ದದ್ದೆಲ್ಲ ನಿಘಂಟಿನ ಪುಟದ ಮೇಲೆ ಬಿತ್ತು. ನಾನು ಪುಟ ಒರೆಸಿದೆ. ಆಮೇಲೆ "ಯಾಕೆ ಥೂ? ಯಾವುದಕ್ಕೆ?" ಎಂದು ಕೇಳಿದೆ. ಮತ್ತೆ "ಥೂ" ಎಂದ, ಈ ಸಲ ಮೆಲ್ಲಗೆ. ನಾನು ಚಿಕ್ಕವಳಿದ್ದಾಗ ಹಲಗೆಯ ಮೇಲೆ ತಪ್ಪು ಪದ ಇಟ್ಟರೆ ನೋಡುತ್ತಿದ್ದನಲ್ಲ, ಹಾಗೇ ನೋಡುತ್ತಿದ್ದ. ಎರಡು ವರ್ಷದಲ್ಲಿ ನಮ್ಮ ಭಾಷೆಯ ಮೊದಲ ಮಾತು, ಅದೂ ನನ್ನ ಮುಖಕ್ಕೆ.

ಇಲ್ಲಿನ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. "ಅದಕ್ಕೆ ಅರ್ಥ ಕಟ್ಟಬೇಡಿ, ಸೀನು ಬಂದ ಹಾಗೆ ಅಷ್ಟೇ" ಎಂದರು. ನಾನು ಇಷ್ಟು ಮಾಡಿ, ಇಷ್ಟು ತೊಳೆದು, ಕೊನೆಗೆ ನನಗೆ ಸಿಕ್ಕಿದ್ದು ಇದು. ನನಗೆ ತುಂಬ ಅವಮಾನವಾಗಿದೆ ಅತ್ತಿಗೆ.

ಪುಟ್ಟಿ

*

ಮೇ 13

ಪುಟ್ಟಿಗೆ,

ನಿನ್ನ ಕಾಗದ ಓದಿ ನಕ್ಕೆ. ಹೊಲಿಗೆ ಹಾಕಿದ ಜಾಗವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ನೋವಿಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಮಹಡಿಯವರು ಬಾಗಿಲು ಬಡಿದು ಏನಾಯಿತು ಎಂದು ಕೇಳಿದರು.

ಈಗ ನಿಜ ಹೇಳುತ್ತೇನೆ. ನಾನು ಬರುವವಳಿರಲಿಲ್ಲ. ನಿನ್ನ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡದೆ ಇದ್ದದ್ದು ಅದಕ್ಕೇ. ಆರು ವಾರ ತುಂಬಿದ ದಿನ ಇನ್ನೂ ಆರು ವಾರ ಇಟ್ಟುಕೋ ಎಂದು ಬರೆಯುವುದು, ಆಮೇಲೆ ಮತ್ತೆ ಅದನ್ನೇ ಬರೆಯುವುದು ಎಂದು ಲೆಕ್ಕ ಹಾಕಿದ್ದೆ. ಖಾಲಿ ಮಂಚದ ಮೇಲೆ ಬಟ್ಟೆಯ ಥಾನು ಹರಡಿ ಕತ್ತರಿಸಲು ಅಭ್ಯಾಸವಾಗಿತ್ತು. ಅವರ ನೆನಪು ಬಂದರೆ ಮೊದಲು ಬರುತ್ತಿದ್ದದ್ದು ವಾಸನೆ, ಆಮೇಲೆ ಮುಖ.

ಪುಟ್ಟಿ, ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಹೇಸಿಗೆ ಆಗುವುದು ಎಷ್ಟು ಕಷ್ಟ, ನಿನಗೆ ಈಗ ಗೊತ್ತಾಗಿರಬೇಕು. ನಾನು ತೊಳೆಯುತ್ತಿದ್ದೆ, ಅವರು ಸೂರು ನೋಡುತ್ತಿದ್ದರು. ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ, ಅವರು ಅಂಕದ ಪದ ಹೇಳುತ್ತಿದ್ದರು. ಅವರಿಗೆ ಏನೂ ಆಗುತ್ತಿಲ್ಲ, ಆಗುವುದೆಲ್ಲ ನನಗೊಬ್ಬಳಿಗೆ ಎಂದು ಎರಡು ವರ್ಷ ನಂಬಿದ್ದೆ. ಆ ನಂಬಿಕೆಯೇ ನನ್ನನ್ನು ತಿಂದಿತು, ಎತ್ತುವ ಭಾರ ಅಲ್ಲ. ಈಗ ನೋಡಿದರೆ ಆ ಮನುಷ್ಯನಿಗೂ ಹೇಸಿಗೆ ಇದೆ. ಒಳಗೇ ಕೂತು ನನ್ನಷ್ಟೇ ರೋಸಿಹೋಗಿದ್ದಾರೆ.

ಡಾಕ್ಟರು ಹೇಳಿದ್ದು ಸರಿ ಇರಬಹುದು, ಸೀನೇ ಇರಬಹುದು. ಆದರೆ ನೀನು ಚಮಚ ತಳ್ಳಿದರು ಎಂದು ಬರೆದಿದ್ದೀಯ, ಮುಖ ನೋಡಿದರು ಎಂದು ಬರೆದಿದ್ದೀಯ. ನನಗೆ ಅಷ್ಟು ಸಾಕು. ಅದು ನಿನ್ನ ಅರೆದ ತರಕಾರಿಗೋ (ನಿನ್ನ ಕೈ ಅಡುಗೆ ನಾನು ತಿಂದಿದ್ದೇನೆ), ನಿನ್ನ ಓದಿಗೋ, ಆ ಪದಗಳಿಗೋ, ನಲ್ಲೆ ಎಂದು ನನ್ನನ್ನು ಎಳೆದು ತಂದದ್ದಕ್ಕೋ, ಬಂದು ಕೇಳಬೇಕು. ನೀನು ಅವಮಾನ ಪಟ್ಟುಕೊಳ್ಳಬೇಡ. ಅವರು ನಿನಗೆ ಅಂದ ಆ ಮಾತು ನನಗೆ ಸಿಕ್ಕಿದ್ದರೆ ನಾನು ಈ ಹೊಟ್ಟೆ ಕೊಯ್ಯಿಸಿಕೊಂಡಾದರೂ ಇನ್ನೊಂದು ವರ್ಷ ಎತ್ತುತ್ತಿದ್ದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಆರು ವಾರ ತುಂಬುವವರೆಗೆ ಎತ್ತುವುದು ನೀನೇ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅವರನ್ನು ಮುದ್ದು ಮಾಡಲು ಬರುತ್ತಿಲ್ಲ, ಅಷ್ಟು ತಿಳಿದುಕೋ. ನನ್ನ ಸಿಟ್ಟು ಇಳಿದಿಲ್ಲ, ಬಿಲ್ಲೆ ಹಲಗೆಯ ಮುಂದೆ ಕಳೆದುಹೋದ ನನ್ನ ಸಂಜೆಗಳ ಸಿಟ್ಟು ಸೇರಿ. ಮಂಚದ ಮುಂದೆ ನಿಂತು ಅದನ್ನೆಲ್ಲ ಹೇಳುತ್ತೇನೆ. ಅವರು ನನ್ನ ಮುಖಕ್ಕೇ ಥೂ ಎಂದರೂ ಎನ್ನಲಿ. ನಾನೂ ಅದನ್ನೇ ಎನ್ನುತ್ತೇನೆ, ಮುಖಕ್ಕೆ ಮುಖ ಕೊಟ್ಟು.

ಅತ್ತಿಗೆ